ಜಪಾನಿನಲ್ಲಿ ಓದುವಾಗ ಊರಿನಿಂದ ಆಪ್ತರು ಬಂದರೆ: ನಮ್ಮ ರೂಮೋ, ಹೋಟೆಲ್ಲೋ, ಅಡುಗೆಮನೆ ಇರುವ ಬಾಡಿಗೆ ಮನೆಯೋ?

ಕಳೆದ ವರ್ಷ ದಸರಾ ಮುಗಿಸಿಕೊಂಡು, ಅಕ್ಟೋಬರ್ ಕೊನೆಗೆ, ಅಪ್ಪನ ಹಳೇ ಗೆಳೆಯರು ಮೈಸೂರಿನಿಂದ ಕ್ಯೋಟೋಗೆ ಬಂದರು. ಅಂಕಲ್, ಆಂಟಿ, ಜೊತೆಗೆ ಅಂಕಲ್ ಅವರ ತಾಯಿ. ಅಜ್ಜಿಗೆ 74 ವರ್ಷ. ಮಂಡಿ ನೋವು ಇದೆ, ಮೀನು ಮೊಟ್ಟೆ ಮುಟ್ಟುವುದಿಲ್ಲ. ನಾನು ಪಿಯುಸಿ ಓದುವಾಗ ಐದು ತಿಂಗಳು ಇವರ ಮನೆಯಲ್ಲೇ ಇದ್ದೆ, ಇದೇ ಅಜ್ಜಿ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕಾಫಿ ಕೊಡುತ್ತಿದ್ದರು. ಅಂಥವರು ಬರುತ್ತಾರೆ ಅಂದರೆ ಸುಮ್ನೆ ಒಂದು ಹೋಟೆಲ್ ಲಿಂಕ್ ಕಳಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ, ಅಲ್ವಾ.

ಆಂಟಿ ಫೋನಿನಲ್ಲಿ ಮೊದಲು ಹೇಳಿದ್ದು ಇದು: "ನಮಗೇನೂ ಮಾಡಕ್ಕೆ ಹೋಗ್ಬೇಡ ಪುಟ್ಟ. ನಿನ್ ರೂಮಲ್ಲೇ ಎಲ್ಲೋ ಒಂದು ಮೂಲೇಲಿ ಮಲ್ಕೋತೀವಿ. ಹೋಟ್ಲು ಗೀಟ್ಲು ಯಾಕೆ?"

ಈ ಮಾತನ್ನು ಒಪ್ಪಿಕೊಳ್ಳಬೇಡಿ. ನಮಗೆ ಖರ್ಚಾಗಬಾರದು, ನಮ್ಮ ಜೊತೆ ಜಾಸ್ತಿ ಹೊತ್ತು ಇರಬೇಕು ಅನ್ನುವ ಪ್ರೀತಿ ಅದು. ಆದರೆ ಅವರ ಮನಸ್ಸಿನಲ್ಲಿರುವ ಮೂಲೆ ಮೈಸೂರಿನ ಮನೆಯ ಹಾಲಿನ ಮೂಲೆ. ಇಲ್ಲಿ ಅಂಥ ಮೂಲೆಯೇ ಇರುವುದಿಲ್ಲ.

ಹನ್ನೊಂದು ದಿನ ಅವರನ್ನು ನೋಡಿಕೊಂಡ ಮೇಲೆ ನನಗೆ ಗಟ್ಟಿಯಾದದ್ದು ಇಷ್ಟು. ದುಡ್ಡಿನ ಲೆಕ್ಕಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿ: ಬರುವವರ ಮಂಡಿ ಹೇಗಿದೆ, ಯಾರು ಏನೇನು ತಿನ್ನುವುದಿಲ್ಲ. ಎಲ್ಲಿ ಇಳಿಸಬೇಕು, ಯಾವ ಪಾಸ್ ಕೊಳ್ಳಬೇಕು, ಯಾವ ದೇವಸ್ಥಾನಕ್ಕೆ ಹೋಗಬೇಕು, ಹೆಚ್ಚಿನದೆಲ್ಲ ಈ ಎರಡರ ಮೇಲೇ ನಿಂತಿದೆ.

ಎಲ್ಲಿ ಇಳಿಸುವುದು

ಮೊದಲು ನಿಮ್ಮ ರೂಮಿನ ವಿಷಯ. ಇಲ್ಲಿ ವಿದ್ಯಾರ್ಥಿಗಳ ರೂಮು ಹೆಚ್ಚಾಗಿ ಆರು ತಾತಾಮಿ ಚಾಪೆಯ ಅಳತೆ, ಅಂದರೆ ಸುಮಾರು 10 ಚದರ ಮೀಟರ್. ನಮ್ಮೂರಿನ ಲೆಕ್ಕದಲ್ಲಿ ಹತ್ತಡಿಗೆ ಹತ್ತಡಿ. ಅದರೊಳಗೇ ಮಂಚ, ಮೇಜು, ಬಟ್ಟೆ ಒಣಗಿಸುವ ಸ್ಟ್ಯಾಂಡ್. ಯೂನಿವರ್ಸಿಟಿ ಹಾಸ್ಟೆಲ್ಲಿನಲ್ಲಿದ್ದರೆ ಹೊರಗಿನವರು ರಾತ್ರಿ ಉಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಖಾಸಗಿ ಅಪಾರ್ಟ್‌ಮೆಂಟ್ ಆದರೆ ಬಾಡಿಗೆ ಕರಾರನ್ನು ಒಮ್ಮೆ ಓದಿ, ಅತಿಥಿಗಳು ಎಷ್ಟು ದಿನ ಇರಬಹುದು ಅಂತ ಹಲವು ಕರಾರುಗಳಲ್ಲಿ ಬರೆದಿರುತ್ತದೆ.

ಆಂಟಿ ಹಟ ಹಿಡಿದರು ಅಂತ ಮೊದಲ ರಾತ್ರಿ ಮೂವರನ್ನೂ ನನ್ನ ರೂಮಿನಲ್ಲೇ ಮಲಗಿಸಿದೆ. ಅಜ್ಜಿ ಮಂಚದ ಮೇಲೆ, ಆಂಟಿ ಮತ್ತು ನಾನು ನೆಲದ ಮೇಲೆ, ಅಂಕಲ್ ಅಡುಗೆ ಕಟ್ಟೆಯ ಮುಂದಿನ ಸಣ್ಣ ಜಾಗದಲ್ಲಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ ಇರುವುದರಿಂದ ಇಲ್ಲಿ ರಾತ್ರಿ ಒಂದು ಗಂಟೆ ಅಂದರೆ ಅವರ ಮೈಗೆ ಇನ್ನೂ ಒಂಬತ್ತೂವರೆ, ಯಾರಿಗೂ ನಿದ್ದೆ ಇಲ್ಲ, ಊರಿಗೆ ವಿಡಿಯೋ ಕಾಲ್, ಮಾತು, ನಗು, ಮತ್ತೆ ಗೋಡೆಯೋ ತೆಳ್ಳಗೆ. ಮರುದಿನ ಅಂಚೆ ಡಬ್ಬಿಯಲ್ಲಿ ಕಟ್ಟಡ ನೋಡಿಕೊಳ್ಳುವ ಕಂಪನಿಯ ಚೀಟಿ ಬಿದ್ದಿತ್ತು. ಪಕ್ಕದ ರೂಮಿನವರಿಗೆ ನಿದ್ದೆ ಕೆಟ್ಟಿದೆ, ದಯವಿಟ್ಟು ಗಮನಿಸಿ, ಅಂತ. ಆ ಚೀಟಿ ನೋಡಿ ಅಂಕಲ್ ಮುಖ ಬಾಡಿದ್ದು ನನಗೆ ಇವತ್ತಿಗೂ ಬೇಜಾರು. ತಪ್ಪು ಅವರದ್ದಲ್ಲ. ಬೇಡ ಅಂತ ಮೊದಲೇ ಹೇಳಬೇಕಾದವರು ನಾವು.

ಒಬ್ಬರೇ ಬರುವ ಗೆಳೆಯರ ಮಗನಿಗೆ, ಅದೂ ಒಂದೆರಡು ರಾತ್ರಿಗೆ, ರೂಮು ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಬಿಸಿನೆಸ್ ಹೋಟೆಲ್. ತೋಯೋಕೋ ಇನ್, ಆಪಾ, ಈ ತರಹದವು ದೊಡ್ಡ ಸ್ಟೇಷನ್ನುಗಳ ಹತ್ತಿರ ಇದ್ದೇ ಇರುತ್ತವೆ. ಲಿಫ್ಟ್ ಇದೆ, ಎತ್ತರದ ಮಂಚ ಇದೆ, ಮುಂಭಾಗದಲ್ಲಿ ರಾತ್ರಿಯೂ ಜನ ಇರುತ್ತಾರೆ. ನೀರಿಲ್ಲದ ಟಾಯ್ಲೆಟ್ ಬಗ್ಗೆ ಊರಿನ ಹಿರಿಯರು ಒಳಗೊಳಗೇ ಚಿಂತೆ ಮಾಡುತ್ತಿರುತ್ತಾರೆ. ಇಲ್ಲಿನ ಹೋಟೆಲ್ಲುಗಳಲ್ಲಿ ಗುಂಡಿ ಒತ್ತಿದರೆ ನೀರು ಬರುವ ಟಾಯ್ಲೆಟ್ಟೇ ಇರುವುದು, ಫೋನಿನಲ್ಲೇ ಹೇಳಿಬಿಡಿ, ಅರ್ಧ ನೆಮ್ಮದಿ. ಕೊರತೆ ಎರಡು. ರೂಮು ತುಂಬ ಚಿಕ್ಕದು, ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಲು ಜಾಗ ಇರುವುದಿಲ್ಲ. ಎರಡನೆಯದು, ಬಾಡಿಗೆ ಹೆಚ್ಚಾಗಿ ತಲೆ ಲೆಕ್ಕ. ಇಬ್ಬರಿಗೆ, ಮೂರು ನಾಲ್ಕು ದಿನಕ್ಕೆ ಇದೇ ಒಳ್ಳೆಯದು. ಮೂವರು ನಾಲ್ವರು ಒಂದು ವಾರ ಅಂದರೆ ಎರಡು ರೂಮು ಬೇಕಾಗುತ್ತದೆ, ಲೆಕ್ಕ ತಪ್ಪುತ್ತದೆ.

ರ್ಯೋಕಾನ್, ಅಂದರೆ ಹಳೇ ಕಾಲದ ತಂಗುಮನೆ. ಎಲ್ಲರಿಗೂ ಆಸೆ ಇರುತ್ತದೆ. ನೋಡಲು ನಿಜಕ್ಕೂ ಚಂದ. ಆದರೆ ಮಲಗುವುದು ನೆಲದ ಮೇಲೆ ಹಾಸುವ ಫುತೋನ್‌ನಲ್ಲಿ, ಕೂರುವುದು ನೆಲಕ್ಕೆ, ಏಳುವಾಗ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ರಾತ್ರಿ ಊಟ ಬಾಡಿಗೆಯಲ್ಲೇ ಸೇರಿರುತ್ತದೆ, ಅದರ ತುಂಬ ಮೀನು. ಶುದ್ಧ ಸಸ್ಯಾಹಾರ ಮಾಡಿಕೊಡಲು ಆಗುವುದಿಲ್ಲ ಅಂತ ಎಷ್ಟೋ ಕಡೆ ನೇರವಾಗಿ ಹೇಳುತ್ತಾರೆ, ಹಾಗೆ ಹೇಳುವವರೇ ಪ್ರಾಮಾಣಿಕರು. ಹೋಗಲೇಬೇಕು ಅಂದರೆ ಒಂದೇ ರಾತ್ರಿ ಹೋಗಿ. "ಸುದೊಮಾರಿ" ಅಂತ ಕೇಳಿ, ಅದು ಊಟವಿಲ್ಲದ ಬುಕಿಂಗ್, ಬೆಲೆಯೂ ಕಡಿಮೆ. ಬಿಸಿನೀರಿನ ಕೊಳದಲ್ಲಿ ಎಲ್ಲರ ಮುಂದೆ ಬಟ್ಟೆ ಬಿಚ್ಚಿ ಇಳಿಯಲು ನಮ್ಮವರಿಗೆ ಮುಜುಗರ, ಹಾಗಾಗಿ ಗಂಟೆ ಲೆಕ್ಕದಲ್ಲಿ ಮನೆಯವರಿಗಷ್ಟೇ ಕೊಡುವ ಸ್ನಾನದ ಕೋಣೆ ಇದೆಯಾ ಅಂತ ಮೊದಲೇ ವಿಚಾರಿಸಿ.

ಮಿನ್‌ಪಾಕು, ಅಂದರೆ ಮನೆಯನ್ನೇ ಬಾಡಿಗೆಗೆ ಕೊಡುವುದು. 2018ರ ಜೂನ್‌ನಲ್ಲಿ ಬಂದ ಕಾನೂನಿನ ಪ್ರಕಾರ ಇಂಥ ಮನೆಗೆ ನೋಂದಣಿ ಸಂಖ್ಯೆ ಇರಬೇಕು, ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು. ಕ್ಯೋಟೋದಲ್ಲಿ ಇನ್ನೂ ಬಿಗಿ. ಬರೀ ಮನೆಗಳೇ ಇರುವ ಬಡಾವಣೆಗಳಲ್ಲಿ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಅನುಮತಿ. ಹಾಗಾಗಿ ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆ ಕಾಣದಿದ್ದರೆ ಮುಂದೆ ಹೋಗಿ. ಇನ್ನೊಂದು ಮಾತು: ಫೋಟೋದಲ್ಲಿ ತುಂಬ ಮುದ್ದಾಗಿ ಕಾಣುವ ಮಾಚಿಯಾ, ಅಂದರೆ ಹಳೇ ಮರದ ಮನೆ, ಅದರ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು. ಮಲಗುವ ಕೋಣೆ ಮೇಲೆ ಇದ್ದರೆ ಅಜ್ಜಿಯರಿಗೆ ಬೇಡವೇ ಬೇಡ.

ನಾನು ಆರಿಸಿದ್ದು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್, ಎರಡನೇ ರಾತ್ರಿಯಿಂದ. ಇವು ಎರಡು ತರಹ. ಮಿಮಾರು ತರಹದವು ಕುಟುಂಬಗಳಿಗೆಂದೇ ಮಾಡಿದ್ದು, ಕ್ಯೋಟೋ, ಒಸಾಕಾ, ಟೋಕಿಯೋ ಮೂರೂ ಕಡೆ ಇವೆ. ಇನ್ನೊಂದು ವೀಕ್ಲಿ ಮ್ಯಾನ್ಶನ್, ವಾರದ ಲೆಕ್ಕದ ಬಾಡಿಗೆ ಮನೆ, ಸೌಕರ್ಯ ಸ್ವಲ್ಪ ಕಡಿಮೆ, ಬೆಲೆಯೂ ಕಡಿಮೆ. ಮೂವರ ತಲೆ ಲೆಕ್ಕ ಹಾಕಿದರೆ ಎರಡು ಬಿಸಿನೆಸ್ ಹೋಟೆಲ್ ರೂಮಿಗಿಂತ ನಮಗೆ ಇದೇ ಅಗ್ಗವಾಯಿತು. ನನ್ನ ರೂಮಿನಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ. ಬೆಳಗ್ಗೆ ಕ್ಲಾಸಿಗೆ ಹೋಗುವ ಮುಂಚೆ ಅಲ್ಲಿಗೆ ಹೋದರೆ ಆಂಟಿ ಉಪ್ಪಿಟ್ಟು ಮಾಡಿ ಇಟ್ಟಿರುತ್ತಿದ್ದರು. ಅವರನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಅಂತ ನಾನು ಅಂದುಕೊಂಡಿದ್ದೆ, ಅವರು ನನ್ನನ್ನು ನೋಡಿಕೊಳ್ಳಲು ಒಂದು ಒಲೆ ಸಿಕ್ಕಿತು ಅಂತ ಸಂತೋಷಪಡುತ್ತಿದ್ದರು. ಹೋಟೆಲ್ಲಿನಲ್ಲಿ ಈ ಖುಷಿ ಇಬ್ಬರಿಗೂ ಸಿಗುತ್ತಿರಲಿಲ್ಲ.

ಒಲೆಯ ಬಗ್ಗೆ ಒಂದು ಎಚ್ಚರ. ಇಂಥ ಕಡೆ ಹೆಚ್ಚಾಗಿ ಇರುವುದು ಇಂಡಕ್ಷನ್ ಒಲೆ, ಊರಿನ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಜಪಾನಿನ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ, ಕೆಟಲ್ ಹೊತ್ತು ತಂದರೆ ಸುಮ್ನೆ ಭಾರ. ಮೊಬೈಲ್ ಚಾರ್ಜರ್ ನಡೆಯುತ್ತದೆ, ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್ ಬೇಕು ಅಷ್ಟೇ.

ಹೊರಗೆ ಊಟವೋ, ಒಳಗೆ ಅಡುಗೆಯೋ

ಮಾಂಸ ಮೀನು ತಿನ್ನುವವರಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ, ನಿಮಗೆ ಇಲ್ಲಿ ಸ್ವರ್ಗ. ಸಸ್ಯಾಹಾರಿಗಳಾದರೆ ನಿಧಾನವಾಗಿ ಓದಿ.

ಕಷ್ಟ ಮಾಂಸದ್ದಲ್ಲ, ದಾಶಿಯದ್ದು. ಕತ್ಸುವೊಬುಶಿ ಅಂತ ಒಣಗಿಸಿದ ಮೀನಿನ ಚೂರಿನಿಂದ ತೆಗೆದ ತಿಳಿ ಅದು. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಇಲ್ಲಿನ ಅಡುಗೆಗೆ ದಾಶಿ ಹಾಗೆ. ಮಿಸೋ ಸೂಪ್, ಉದೋನ್, ಸೋಬಾ ಅನ್ನುವ ನೂಡಲ್ಸ್, ತರಕಾರಿ ಬೇಯಿಸಿದ ಪಲ್ಯ, ತೆಂಪುರಾ ಅದ್ದುವ ಸಾಸ್, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎರಡನೇ ದಿನ ಮಧ್ಯಾಹ್ನ ಒಂದು ಉದೋನ್ ಅಂಗಡಿಯಲ್ಲಿ ನಾನು "ನಿಕು ನಾಶಿ" ಅಂದೆ, ಮಾಂಸ ಬೇಡ ಅಂತ. ಅವರು ತಲೆಯಾಡಿಸಿ ಬಿಸಿಬಿಸಿ ಬಟ್ಟಲು ತಂದಿಟ್ಟರು. ಅಜ್ಜಿ ಎರಡು ಚಮಚ ಕುಡಿದು, ವಾಸನೆ ಯಾಕೋ ಬೇರೆ ಇದೆ ಅಂತ ಬಟ್ಟಲು ಪಕ್ಕಕ್ಕೆ ಇಟ್ಟರು. ಜಪಾನಿ ಮಾತಿನಲ್ಲಿ "ನಿಕು" ಅಂದರೆ ಪ್ರಾಣಿಯ ಮಾಂಸ, ಮೀನು ಅದರಲ್ಲಿ ಸೇರುವುದಿಲ್ಲ. ಅಂಗಡಿಯವರು ನಾನು ಕೇಳಿದ್ದನ್ನೇ ಕೊಟ್ಟಿದ್ದರು. ನಾನು ಕೇಳಿದ್ದೇ ತಪ್ಪು. ಅಜ್ಜಿ ಒಂದು ಮಾತೂ ಆಡಲಿಲ್ಲ. ಸಂಜೆ ಸ್ನಾನ ಮಾಡಿ ದೇವರಿಗೆ ಕೈ ಮುಗಿದು ಆಮೇಲೆ ಊಟಕ್ಕೆ ಕೂತರು. ಅದನ್ನು ನೋಡಿ ನನಗೆ ಅಳು ಬಂತು. ಹಾಗಾಗಿ ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ನಾಲ್ಕೂ ಬೇಡ ಅಂತ ಜಪಾನಿಯಲ್ಲಿ ಒಂದು ಚೀಟಿ ಬರೆದು, ಜಪಾನಿ ಚೆನ್ನಾಗಿ ಬಲ್ಲ ಗೆಳೆಯರೊಬ್ಬರಿಗೆ ತೋರಿಸಿ ಸರಿಮಾಡಿಸಿ, ಮೂವರ ಕೈಗೂ ಒಂದೊಂದು ಕೊಡಿ.

ಹೊರಗೆ ತಿನ್ನಲು ಭರವಸೆ ಇಡಬಹುದಾದದ್ದು ಕೆಲವೇ. ದೇವಸ್ಥಾನಗಳ ಶೋಜಿನ್ ರ್ಯೋರಿ, ಅಂದರೆ ಬೌದ್ಧ ಸನ್ಯಾಸಿಗಳ ಸಸ್ಯಾಹಾರ. ಕ್ಯೋಟೋದ ತೆನ್‌ರ್ಯೂಜಿ ದೇವಸ್ಥಾನದ ಆವರಣದಲ್ಲೇ ಸಿಗುತ್ತದೆ, ದುಬಾರಿ, ಆದರೆ ಒಂದು ಸಲ ಕರೆದುಕೊಂಡು ಹೋಗಲೇಬೇಕು. ಟೋಕಿಯೋ ಸ್ಟೇಷನ್ನಿನ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರದ ರಾಮೆನ್ ಅಂಗಡಿ ಇದೆ. ಇಂಡಿಯನ್ ಹೋಟೆಲ್ ಅಂತ ಬೋರ್ಡ್ ಇರುವ ಕಡೆ ಹೆಚ್ಚಾಗಿ ನೇಪಾಳದವರು ನಡೆಸುತ್ತಾರೆ, ನಾನ್ ಮತ್ತು ಪನೀರ್ ಸಿಗುತ್ತದೆ. ಎರಡು ದಿನಕ್ಕಿಂತ ಜಾಸ್ತಿ ಅದನ್ನೇ ತಿಂದರೆ ಮೈಸೂರಿನವರಿಗೆ ಅನ್ನ ಸಾರು ನೆನಪಾಗುತ್ತದೆ.

ಅದಕ್ಕೇ ನನ್ನ ಆಯ್ಕೆ ಇದು: ಬೆಳಗ್ಗೆ ತಿಂಡಿ, ರಾತ್ರಿ ಊಟ ಒಳಗೆ, ಮಧ್ಯಾಹ್ನ ಮಾತ್ರ ಹೊರಗೆ. ಅಕ್ಕಿ ಅಂಟು ಅಂಟು ಅನ್ನಿಸಿದರೂ ಮೊಸರನ್ನಕ್ಕೆ ಇಲ್ಲಿನ ಅಕ್ಕಿಯಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ. ಮೇಜಿ ಕಂಪನಿಯ ಬಲ್ಗೇರಿಯಾ ಮೊಸರು, ಸಕ್ಕರೆ ಇಲ್ಲದ್ದು, ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಇದೆ. ಬೇಳೆ ಮತ್ತು ಸಾಂಬಾರ ಪದಾರ್ಥಕ್ಕೆ ಟೋಕಿಯೋದವರಿಗೆ ಶಿನ್-ಒಕುಬೋ ಮತ್ತು ನಿಶಿ-ಕಸಾಯಿ, ನಮಗೆ ಕೋಬೆ. ಕೋಬೆಯಲ್ಲಿ ಭಾರತದ ವ್ಯಾಪಾರಿಗಳು ತಲೆಮಾರುಗಳಿಂದ ಇದ್ದಾರೆ, ಕಿತಾನೋ ಬೆಟ್ಟದ ಬದಿಯಲ್ಲಿ ಜೈನ ಬಸದಿಯೂ ಇದೆ. ಕ್ಯೋಟೋದಿಂದ ವೇಗದ ಲೋಕಲ್ ರೈಲಿನಲ್ಲಿ ಸುಮಾರು ಐವತ್ತು ನಿಮಿಷ, ಒಂದು ದಿನದ ಸುತ್ತಾಟವೂ ಆಯಿತು, ತೊಗರಿಬೇಳೆಯೂ ಬಂತು.

ಊರಿನಿಂದ ಸಾರಿನ ಪುಡಿ, ಚಟ್ನಿಪುಡಿ ಪ್ಯಾಕೆಟ್ಟಿನಲ್ಲಿ ತರಲಿ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿ ಬೇಡ ಅಂತ ಖಡಾಖಂಡಿತವಾಗಿ ಹೇಳಿ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಮಾತ್ರೆಗಳಲ್ಲೂ ನಿಯಮ ಇದೆ. ವೈದ್ಯರು ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಹಾಗೇ ತರಬಹುದು, ಜಾಸ್ತಿ ಬೇಕಾದರೆ ಮೊದಲೇ ಅನುಮತಿ ಪತ್ರ ಮಾಡಿಸಬೇಕು. ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚು ಇದ್ದರೆ ನಿಷೇಧ. ಅಜ್ಜಿಯ ಮಾತ್ರೆ ಡಬ್ಬಿಯ ಫೋಟೋ ತರಿಸಿಕೊಂಡು ಒಂದೊಂದೇ ನೋಡಿ.

ರೈಲು ಪಾಸೋ, ಬಿಡಿ ಟಿಕೆಟ್ಟೋ

ಜೆಆರ್ ಪಾಸ್ (ಜಪಾನ್ ರೈಲ್ವೆಯ ಪ್ರವಾಸಿ ಪಾಸ್) ತಗೊಳ್ಳಿ ಅಂತ ಊರಿನಲ್ಲಿ ಯಾರಾದರೂ ಅವರಿಗೆ ಹೇಳಿಯೇ ಇರುತ್ತಾರೆ. ಅದು ಹಳೇ ಲೆಕ್ಕ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಹೋಯಿತು. ಟೋಕಿಯೋ–ಕ್ಯೋಟೋ ಬುಲೆಟ್ ರೈಲು ಶಿನ್‌ಕಾನ್‌ಸೆನ್ ಒಂದು ಕಡೆಗೆ ಸುಮಾರು 14,000, ಹೋಗಿ ಬರಲು 28,000. ಬರೀ ಇಷ್ಟೇ ಓಡಾಟ ಆದರೆ ಪಾಸ್ ನಷ್ಟ. ಹಿರೋಶಿಮಾಗೂ ಹೋಗಿ ಬಂದರೆ ಇನ್ನು ಸುಮಾರು 22,000 ಸೇರಿ ಹೆಚ್ಚುಕಡಿಮೆ ಸಮ ಆಗುತ್ತದೆ, ಆದರೆ ಅಷ್ಟನ್ನೂ ಏಳು ದಿನದೊಳಗೆ ಮುಗಿಸಬೇಕು, ಅಜ್ಜಿಯನ್ನು ಓಡಿಸಿಕೊಂಡು. ಮೇಲಾಗಿ ಆ ಪಾಸಿನಲ್ಲಿ ಅತಿ ವೇಗದ ನೊಝೊಮಿ ಹತ್ತಲು ಬೇರೆ ದುಡ್ಡು ಕೊಡಬೇಕು.

ನಾವು ಹಿರೋಶಿಮಾಗೆ ಜೆಆರ್ ವೆಸ್ಟ್‌ನ ಐದು ದಿನದ ಕಾನ್ಸಾಯಿ–ಹಿರೋಶಿಮಾ ಪಾಸ್ ತೆಗೆದುಕೊಂಡೆವು, ಆಗ ತಲೆಗೆ 17,000 ಇತ್ತು, ಮಿಯಾಜಿಮಾ ದ್ವೀಪದ ದೋಣಿಯೂ ಅದರಲ್ಲೇ ಬರುತ್ತದೆ. ಟೋಕಿಯೋಗೆ ಬಿಡಿ ಟಿಕೆಟ್. ಒಟ್ಟು ಸುಮಾರು 45,000. ಆತುರ ಇಲ್ಲ, ನೊಝೊಮಿಗೆ ಬೇರೆ ಶುಲ್ಕವೂ ಇಲ್ಲ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗ ಇದೆ. ಈ ಪಾಸುಗಳು ಪ್ರವಾಸಿಗಳಾಗಿ ಬಂದವರಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿರುವ ನಮಗೆ ಇಲ್ಲ. ನೀವೂ ಜೊತೆಗೆ ಹೋಗುವುದಾದರೆ ನಿಮ್ಮ ಟಿಕೆಟ್ ಪೂರ್ತಿ ಬೆಲೆಗೆ ಬರುತ್ತದೆ ಅಂತ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ನಮಗಿರುವುದು ಗಕುವಾರಿ, ಅಂದರೆ ವಿದ್ಯಾರ್ಥಿ ರಿಯಾಯಿತಿ. ಯೂನಿವರ್ಸಿಟಿಯಿಂದ ಪ್ರಮಾಣಪತ್ರ ಪಡೆದರೆ 100 ಕಿಲೋಮೀಟರ್ ದಾಟಿದ ಜೆಆರ್ ಪ್ರಯಾಣದ ಮೂಲ ದರದಲ್ಲಿ ಶೇ 20 ಕಡಿತ. ವೇಗದ ರೈಲಿನ ಹೆಚ್ಚುವರಿ ಶುಲ್ಕಕ್ಕೆ ಅನ್ವಯಿಸುವುದಿಲ್ಲ, ಆದರೂ ಒಳ್ಳೆಯ ಉಳಿತಾಯ.

ಊರೊಳಗೆ ಓಡಾಡಲು ಯಾವ ಪಾಸೂ ಬೇಡ, ಒಬ್ಬೊಬ್ಬರಿಗೂ ದುಡ್ಡು ತುಂಬಿಸಿ ಬಳಸುವ ಒಂದೊಂದು ಇಕೋಕಾ ಕಾರ್ಡ್ ಸಾಕು. ಕ್ಯೋಟೋದ ಬಸ್ಸು 230 ಯೆನ್, ಮುಂಚೆ ಇದ್ದ ಬಸ್ಸಿನ ದಿನದ ಪಾಸ್ ಈಗ ಇಲ್ಲ. ನಾಲ್ವರಿದ್ದಾಗ ಹತ್ತಿರದ ಜಾಗಕ್ಕೆ ಟ್ಯಾಕ್ಸಿಯೂ ಹೆಚ್ಚೇನಾಗುವುದಿಲ್ಲ, ಮಂಡಿ ನೋವಿನವರಿಗೆ ತುಂಬಿದ ಬಸ್ಸಿನಲ್ಲಿ ನಿಲ್ಲುವುದಕ್ಕಿಂತ ಅದು ಎಷ್ಟೋ ವಾಸಿ. ದೊಡ್ಡ ಸೂಟ್‌ಕೇಸ್‌ಗಳನ್ನು ಪಾರ್ಸೆಲ್ ಸೇವೆಯಾದ ತಕ್ಕ್ಯೂಬಿನ್‌ನಲ್ಲಿ ಹೋಟೆಲ್ಲಿನಿಂದ ಹೋಟೆಲ್ಲಿಗೆ ಕಳಿಸಿ, ಹೆಚ್ಚಾಗಿ ಮರುದಿನ ತಲುಪುತ್ತದೆ. ಶಿನ್‌ಕಾನ್‌ಸೆನ್‌ನಲ್ಲಿ ಮೂರೂ ಅಳತೆ ಕೂಡಿಸಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆ ಇದ್ದರೆ ಅದನ್ನಿಡಲು ಜಾಗ ಇರುವ ಸೀಟನ್ನೇ ಮೊದಲೇ ಕಾದಿರಿಸಬೇಕು, ಆ ರಗಳೆಯೂ ತಪ್ಪುತ್ತದೆ.

ವೀಸಾ, ವಿಮಾನ, ತಿಂಗಳು

ಗೆಳೆಯರನ್ನು ನೋಡಲು ಬರುವ ವೀಸಾ ಅಂತ ಒಂದು ಇದೆ, ಅದಕ್ಕೆ ನೀವು ಆಹ್ವಾನ ಪತ್ರ, ದಿನಚರಿ ಕಳಿಸಬೇಕು, ಖರ್ಚು ನಿಮ್ಮದೇ ಅಂದರೆ ಜಾಮೀನು ಪತ್ರ, ಆದಾಯದ ದಾಖಲೆಯೂ ಬೇಕು. ವಾರಕ್ಕೆ 28 ಗಂಟೆ ಬೈತೊ, ಅಂದರೆ ಪಾರ್ಟ್‌ಟೈಮ್ ಕೆಲಸ, ಮಾಡುವ ವಿದ್ಯಾರ್ಥಿಯ ಆದಾಯಕ್ಕೆ ಅದರಲ್ಲಿ ಬಲ ಇಲ್ಲ. ಅವರ ಖರ್ಚು ಅವರೇ ನೋಡಿಕೊಳ್ಳುವವರಾದರೆ ಸಾಮಾನ್ಯ ಪ್ರವಾಸಿ ವೀಸಾನೇ ಸುಲಭ. 2024ರ ಏಪ್ರಿಲ್‌ನಿಂದ ಭಾರತದವರಿಗೆ ಇ-ವೀಸಾ ಬಂದಿದೆ. ಅದನ್ನು ವಿಮಾನ ನಿಲ್ದಾಣದಲ್ಲಿ ಇಂಟರ್‌ನೆಟ್ ಇರುವ ಫೋನಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಸಿಮ್ ವ್ಯವಸ್ಥೆ ಹೊರಡುವ ಮುಂಚೆಯೇ ಆಗಿರಲಿ. ಪ್ರವಾಸ ವಿಮೆಯೂ.

ವಿಮಾನದಲ್ಲಿ, ನೀವು ಟೋಕಿಯೋದಲ್ಲಿದ್ದರೆ ಬೆಂಗಳೂರಿನಿಂದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ, ಬೇರೆ ಯೋಚನೆ ಬೇಡ. ಕ್ಯೋಟೋ, ಒಸಾಕಾ ಆದರೆ ಸಿಂಗಪುರ, ಬ್ಯಾಂಕಾಕ್ ಕಡೆಯಿಂದ ಒಂದು ಕಡೆ ಇಳಿದು ಹತ್ತಿ ಕಾನ್ಸಾಯಿ ವಿಮಾನ ನಿಲ್ದಾಣಕ್ಕೆ ಬರುವುದು ಮೇಲು. ಅಜ್ಜಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿದ್ದರಿಂದ ಸಿಂಗಪುರದಲ್ಲಿ ಮೂವರನ್ನೂ ಒಟ್ಟಿಗೇ ಮುಂದಿನ ಗೇಟಿಗೆ ಕರೆದುಕೊಂಡು ಹೋದರು.

ಮಕ್ಕಳಿರುವವರು ಏಪ್ರಿಲ್, ಮೇ ಅನ್ನುತ್ತಾರೆ, ಊರಿನಲ್ಲಿ ಆಗ ರಜೆ. ನಮಗೆ ಆಗಲೇ ಹೊಸ ವರ್ಷದ ಕ್ಲಾಸು ಶುರು, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಗೋಲ್ಡನ್ ವೀಕ್, ಇಡೀ ಜಪಾನೇ ರಸ್ತೆಯಲ್ಲಿ. ದಸರಾ ರಜೆಗೆ ಬನ್ನಿ ಅಂತ ಹೇಳಿ. ಹವೆ ಹಿತ, ಮೇಪಲ್ ಎಲೆ ಕೆಂಪಾಗುವ ನವೆಂಬರ್ ಜಂಗುಳಿ ಇನ್ನೂ ಶುರುವಾಗಿರುವುದಿಲ್ಲ.

ಎಲ್ಲ ದಿನ ಅರ್ಧವೋ, ಕೆಲವು ದಿನ ಪೂರ್ತಿಯೋ

ದಿನಾ ಕ್ಲಾಸು ಮುಗಿಸಿ ಓಡಿ ಹೋಗಿ ಅರ್ಧ ದಿನ ಸುತ್ತಿಸುವುದನ್ನು ಮೊದಲ ಎರಡು ದಿನ ಮಾಡಿದೆ. ಇಲ್ಲಿ ಹೆಚ್ಚಿನ ದೇವಸ್ಥಾನಗಳು ಸಂಜೆ ಐದರೊಳಗೆ ಮುಚ್ಚುತ್ತವೆ. ನಾನು ತಲುಪುವ ಹೊತ್ತಿಗೆ ಬಾಗಿಲು ಹಾಕುವ ಸಮಯ, ಅವರು ಬೆಳಗ್ಗಿಂದ ನನಗಾಗಿ ಕಾದು ಕೂತಿರುತ್ತಿದ್ದರು. ಆಮೇಲೆ ಬದಲಾಯಿಸಿದೆ. ಬೈತೊದಲ್ಲಿ ಎರಡು ಶಿಫ್ಟ್ ಬಿಟ್ಟು, ವಾರಾಂತ್ಯ ಸೇರಿಸಿ ನಾಲ್ಕು ದಿನ ಪೂರ್ತಿ ಅವರಿಗೇ ಕೊಟ್ಟೆ. ಮಿಕ್ಕ ದಿನ ಅವರೇ ಓಡಾಡಲಿ, ರಾತ್ರಿ ಊಟಕ್ಕೆ ನಾನು ಸೇರುತ್ತೇನೆ ಅಂತ. ಅಂಕಲ್ ಕೈಗೆ ಜಪಾನಿಯಲ್ಲಿ ವಿಳಾಸ ಬರೆದ ಕಾಗದ, ನನ್ನ ನಂಬರ್ ಕೊಟ್ಟೆ. ಮೂರನೇ ದಿನಕ್ಕೆ ಅವರು ಕಾಮೋ ನದಿ ದಂಡೆಯಲ್ಲಿ ಬೆಳಗಿನ ವಾಕಿಂಗ್ ಶುರು ಮಾಡಿದ್ದರು.

ನೀವು ಜೊತೆಗಿರುವ ದಿನಕ್ಕೆ ಮೆಟ್ಟಿಲಿನ ಜಾಗ ಇಟ್ಟುಕೊಳ್ಳಿ, ಅವರೇ ಹೋಗುವ ದಿನಕ್ಕೆ ಸಮತಟ್ಟಿನ ಜಾಗ. ಕಿಯೋಮಿಜು ದೇವಸ್ಥಾನಕ್ಕೆ ಉದ್ದಕ್ಕೂ ಏರು. ಫುಶಿಮಿ ಇನಾರಿಯಲ್ಲಿ ಬುಡದ ಗುಡಿ ಮತ್ತು ಕೆಂಪು ಕಮಾನುಗಳ ಮೊದಲ ಸಾಲು ನೋಡಿ ವಾಪಸ್ ಬಂದರೆ ಸಾಕು, ತುದಿಯವರೆಗೆ ಬೇಡ. ತೋಜಿ, ಸಾಂಜೂಸಾಂಗೆನ್‌ದೋ ಎರಡೂ ಸಮತಟ್ಟು.

ಒಂದೇ ಜಾಗ ನೋಡಲು ಶಕ್ತಿ ಇದೆ ಅಂದರೆ ನಾನು ಸಾಂಜೂಸಾಂಗೆನ್‌ದೋಗೇ ಕಳಿಸುತ್ತೇನೆ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ, ಒಳಗೆ ಕರುಣೆಯ ಬೋಧಿಸತ್ವ ಕನ್ನೊನ್‌ನ ಸಾವಿರದ ಒಂದು ಮೂರ್ತಿಗಳು, ಮುಂದೆ ಸಾಲಾಗಿ 28 ಪರಿವಾರ ದೇವತೆಗಳು. ಅವರಲ್ಲಿ ಗರುಡ ಇದ್ದಾನೆ, ಇಂದ್ರ, ಬ್ರಹ್ಮ ಇದ್ದಾರೆ. ಕರುರಾ ಅಂತ ಇಲ್ಲಿನವರು ಕರೆಯುವ ಮೂರ್ತಿಯ ಮುಂದೆ ನಿಂತು ಇದು ಗರುಡ ಅಂತ ನಾನು ಹೇಳಿದಾಗ ಅಜ್ಜಿ ನನ್ನ ಮುಖ, ಮೂರ್ತಿಯ ಮುಖ ಎರಡೂ ನೋಡಿದರು. "ಇಷ್ಟ್ ದೂರ ಬಂದ್ಬಿಟ್ಟಿದಾನಾ?" ಅಂದರು. ಆಮೇಲೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು, ನೀವೆಲ್ಲ ನೋಡ್ಕೊಂಡ್ ಬನ್ನಿ ನಾನು ಇಲ್ಲೇ ಇರ್ತೀನಿ ಅಂತ ಅರ್ಧ ಗಂಟೆ ಅಲ್ಲೇ ಇದ್ದರು.

ಬೀಳ್ಕೊಡುವಾಗ ಕ್ಯೋಟೋ ಸ್ಟೇಷನ್ನಿನಲ್ಲೇ ಹರುಕಾ ರೈಲು ಹತ್ತಿಸಿ ಕಳಿಸಬಹುದು, ಸೀಟು ಕಾದಿರಿಸಿ, ಕೊನೆಯ ನಿಲ್ದಾಣ ಏರ್‌ಪೋರ್ಟೇ ಆದ್ದರಿಂದ ಇಳಿಯುವ ಗೊಂದಲ ಇಲ್ಲ, ಒಂದೂಕಾಲು ಗಂಟೆ ಅಷ್ಟೇ. ನಾನು ಕಾನ್ಸಾಯಿವರೆಗೂ ಹೋದೆ. ವೀಲ್‌ಚೇರ್ ಕೌಂಟರ್ ಹುಡುಕಿ ಕೊಡಲು ಒಬ್ಬರು ಬೇಕು. ರೈಲಿನಲ್ಲಿ ಆಂಟಿ ಉಳಿದ ಸಾರಿನ ಪುಡಿ, ಅರ್ಧ ಪ್ಯಾಕೆಟ್ ರವೆ, ಒಗ್ಗರಣೆಗೆ ತಂದಿದ್ದ ಚಿಕ್ಕ ಇಂಗಿನ ಡಬ್ಬಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ನನ್ನ ತೊಡೆಯ ಮೇಲೆ ಇಟ್ಟರು.